ಅದೇ ತಾಕು, ಅದೇ ಗೊಬ್ಬರ, ನಾಲ್ಕು ದಶಕ

ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದತ್ತ ಹೊರಟರೆ ಬಳ್ಳಾರಿ ರಸ್ತೆಯ ಎಡಕ್ಕೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಜನರ ಬಾಯಲ್ಲಿ ಜಿಕೆವಿಕೆ. ಕೃಷಿ ಮೇಳಕ್ಕೆ ಬರುವವರು ಹೊಸ ತಳಿ, ಹೊಸ ಯಂತ್ರ ನೋಡಿಕೊಂಡು ಹೋಗುತ್ತಾರೆ. ಆದರೆ ಈ ಆವರಣದಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಹಳೆಯದೊಂದು: 1978ರಲ್ಲಿ ಶುರುವಾದ, ವರ್ಷವರ್ಷವೂ ಅದೇ ಗೊಬ್ಬರವನ್ನು ಅದೇ ಪ್ರಮಾಣದಲ್ಲಿ ಉಣ್ಣುವ ಮಳೆಯಾಶ್ರಿತ ರಾಗಿ ತಾಕುಗಳು.

ಏರ್ಪಾಟು ಸರಳ. ಒಂದು ತಾಕಿಗೆ ಏನನ್ನೂ ಹಾಕುವುದಿಲ್ಲ. ಇನ್ನೊಂದಕ್ಕೆ ಹೆಕ್ಟೇರಿಗೆ 10 ಟನ್ ಲೆಕ್ಕದಲ್ಲಿ, ಅಂದರೆ ಎಕರೆಗೆ 4 ಟನ್, ಕೊಟ್ಟಿಗೆ ಗೊಬ್ಬರ. ಮತ್ತೊಂದಕ್ಕೆ ಅದರ ಜೊತೆ ಅರ್ಧ ಪ್ರಮಾಣದ ರಸಗೊಬ್ಬರ, ಮಗದೊಂದಕ್ಕೆ ಪೂರ್ತಿ. ಕೊನೆಯದಕ್ಕೆ ಬರೀ ರಸಗೊಬ್ಬರ. ಒಂದು ಸಾಲಿನಲ್ಲಿ ಪ್ರತಿವರ್ಷ ರಾಗಿಯೇ, ಇನ್ನೊಂದರಲ್ಲಿ ಒಂದು ವರ್ಷ ಕಡಲೆಕಾಯಿ, ಮರುವರ್ಷ ರಾಗಿ. ಇದಲ್ಲದೆ 1986ರಿಂದ ನೀರಾವರಿಯ ರಾಗಿ–ಮೆಕ್ಕೆಜೋಳದ ಪ್ರಯೋಗವೂ ಇಲ್ಲಿ ನಡೆದಿದೆ.

ಇಂಥ ಪ್ರಯೋಗಗಳ ಹಿರಿಯಜ್ಜ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದೆ. ಅಲ್ಲಿನ ಬ್ರಾಡ್‌ಬಾಕ್ ಗೋಧಿ ಹೊಲದ ಪ್ರಯೋಗ 1843ರದು. ಅಲ್ಲೇ ಇರುವ ಬಾರ್ಲಿ ಹೊಲದ ಒಂದು ತುಂಡಿಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಆ ಮಣ್ಣು ಪಕ್ಕದ ಬರಡು ತುಂಡಿಗಿಂತ ಶ್ರೀಮಂತವಾಗಿಯೇ ಉಳಿದಿತ್ತು. ತಂಪು ನಾಡಿನ ಆ ಭಾಗ್ಯ ನಮ್ಮ ಕೆಮ್ಮಣ್ಣಿಗಿಲ್ಲ.

ಬೆಂಗಳೂರಿನ ಸುತ್ತಣ ಮರಳುಮಿಶ್ರಿತ ಕೆಂಪು ಮಣ್ಣಿನ ಜೇಡಿಗೆ ಸಾವಯವ ಅಂಶವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ವರ್ಷದ ಬಹುಪಾಲು ಬೆಚ್ಚಗಿನ ಹವೆ. ಒಂದು ಹದ ಮಳೆ ಬಿದ್ದರೆ ಸೂಕ್ಷ್ಮಜೀವಿಗಳು ಎದ್ದು ಗೊಬ್ಬರವನ್ನು ತಿಂದು ಇಂಗಾಲವನ್ನು ಗಾಳಿಗೆ ಬಿಡುತ್ತವೆ. ಮೇಲಿನ 15 ಸೆಂಟಿಮೀಟರ್ ಮಣ್ಣು ಹೆಕ್ಟೇರಿಗೆ ಸುಮಾರು 2,000 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲವನ್ನು ಶೇ 0.1ರಷ್ಟು ಏರಿಸಲು 2 ಟನ್ ಇಂಗಾಲ ಅಲ್ಲಿ ಕರಗದೆ ನಿಲ್ಲಬೇಕು. ಹತ್ತು ಟನ್ ಹಸಿ ಗೊಬ್ಬರದಲ್ಲಿ ನೀರೇ ಎಷ್ಟೋ ಪಾಲು. ಉಳಿದದ್ದರಲ್ಲೂ ಹೆಚ್ಚಿನದು ಉರಿದುಹೋಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75 ದಾಟಿದರೆ ‘ಹೆಚ್ಚು’. ಈ ಪುಟ್ಟ ಅಂತರವನ್ನು ದಾಟಲು ರೈತನಿಗೆ ಅರ್ಧ ಆಯುಷ್ಯವೇ ಬೇಕಾದೀತು. ಕೆಮ್ಮಣ್ಣಿನ ಪಾಲಿಗೆ ಗೊಬ್ಬರ ಠೇವಣಿಯಲ್ಲ, ದಿನಗೂಲಿ.

ಹಾಗೆಂದು ಅದು ವ್ಯರ್ಥವಲ್ಲ ಎಂಬುದನ್ನೇ ಈ ತಾಕುಗಳು ತೋರಿಸಿಕೊಟ್ಟಿವೆ. ಬರೀ ರಸಗೊಬ್ಬರದ ತಾಕು ಮೊದಮೊದಲು ಚೆನ್ನಾಗಿಯೇ ತೆನೆ ಕೊಟ್ಟು, ವರ್ಷಗಳು ಉರುಳಿದಂತೆ ಸೊರಗಿತು. ಕೊಟ್ಟಿಗೆ ಗೊಬ್ಬರವನ್ನೂ ರಸಗೊಬ್ಬರವನ್ನೂ ಕೂಡಿಸಿ ಕೊಟ್ಟದ್ದು ಇಳುವರಿಯಲ್ಲೂ ಅದರ ಸ್ಥಿರತೆಯಲ್ಲೂ ಮುಂದೆ ನಿಂತಿತು. ನೀರಾವರಿ ಪ್ರಯೋಗದಲ್ಲಿ ಸಾರಜನಕವನ್ನಷ್ಟೇ ಉಂಡ ತಾಕಿನ ಕಥೆ ಇನ್ನೂ ಕಠೋರ: ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ಮೂರು ವರ್ಷದ ಪ್ರಯೋಗದಿಂದ ಇಂಥ ಸತ್ಯ ಹೊರಬರುವುದಿಲ್ಲ. ಮೊದಲ ವರ್ಷಗಳ ಲೆಕ್ಕವನ್ನಷ್ಟೇ ನಂಬಿದ್ದರೆ ರಸಗೊಬ್ಬರದ ಚೀಲವೊಂದೇ ಸಾಕು ಎಂಬ ತೀರ್ಮಾನಕ್ಕೆ ಬರಬಹುದಿತ್ತು.

ಇದೇ ಊರಿನಲ್ಲಿ ಇದಕ್ಕೆ ತದ್ವಿರುದ್ಧವಾದ ನೆಲವೂ ಇದೆ. 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಊರು ಇದು. ಈಗ ನಂದಿಬೆಟ್ಟದ ತಪ್ಪಲಿನವರೆಗೂ ಗಾಲ್ಫ್ ಮೈದಾನಗಳು ಹಬ್ಬಿವೆ. ಚೆಂಡು ಕುಳಿಗೆ ಬೀಳುವ ಜಾಗವಾದ ‘ಗ್ರೀನ್’ ಬಹುಪಾಲು ಮರಳಿನದು. 1960ರಿಂದ ಅಮೆರಿಕದ ಗಾಲ್ಫ್ ಸಂಘ ಹೇಳುತ್ತ ಬಂದಿರುವ ಕ್ರಮದಲ್ಲಿ ಜಲ್ಲಿಯ ಮೇಲೆ ಸುಮಾರು 30 ಸೆಂಟಿಮೀಟರ್ ಮರಳಿನ ಹಾಸು. ಬಿಸಿ ನಾಡಿನ ಗ್ರೀನ್‌ಗಳಲ್ಲಿ ಬೆಳೆಯುವ ಬರ್ಮುಡಾ ಹುಲ್ಲು ನಮ್ಮ ಗಣಪತಿಯ ಗರಿಕೆಯ ಮಿಶ್ರತಳಿ. ಅದಕ್ಕೆ ದಿನವೂ ನೀರು, ಆಗಾಗ ಗೊಬ್ಬರ. ಉಳುಮೆಯಿಲ್ಲ. ಸತ್ತ ಬೇರು, ಬಳ್ಳಿಕಾಂಡ ಕೊಳೆಯುವುದಕ್ಕಿಂತ ವೇಗವಾಗಿ ಮೇಲ್ಪದರದಲ್ಲಿ ಸೇರಿಕೊಳ್ಳುತ್ತವೆ. ಕ್ರಮೇಣ ಮರಳಿನ ಸಂದುಗಳು ಮುಚ್ಚಿ, ನೀರು ನಿಂತು, ಬೇರಿಗೆ ಉಸಿರಾಡಲು ಗಾಳಿಯೇ ಸಿಗದಂತಾಗುತ್ತದೆ. ಪರಿಸ್ಥಿತಿ ಕೆಟ್ಟರೆ ಒಳಗೆ ಗಂಧಕದ ವಾಸನೆಯ ಕಪ್ಪು ಪದರವೂ ಕಟ್ಟುತ್ತದೆ. ಅದಕ್ಕೇ ಮೈದಾನದವರು ಟೊಳ್ಳು ಮೊಳೆಗಳ ಯಂತ್ರದಿಂದ ಮಣ್ಣಿನ ಕಡ್ಡಿಗಳನ್ನು ಕಿತ್ತು ತೆಗೆದು, ತೂತುಗಳಿಗೆ ಮರಳು ತುಂಬುತ್ತಾರೆ. ಒಂದೆಡೆ ಸಾವಯವವನ್ನು ಕೂಡಿಡಲು ಪಡಿಪಾಟಲು, ಇನ್ನೊಂದೆಡೆ ಹೊರಗೆ ಹಾಕಲು. ಮಣ್ಣಿಗೆ ಬೀಳುವುದಕ್ಕೂ ಅಲ್ಲಿ ಕೊಳೆತು ಹೋಗುವುದಕ್ಕೂ ಇರುವ ಸಮತೋಲವೇ ಎರಡೂ ಕಡೆಯ ಲೆಕ್ಕ.

ರಾಗಿ ಹೊಲದಲ್ಲಿ ಈ ಸಮತೋಲ ನಿಂತಿರುವುದು ಕೊಟ್ಟಿಗೆಯ ಮೇಲೆ. ಹುಲ್ಲು ದನಕ್ಕೆ ಹೋಗುತ್ತದೆ, ಹೊಲಕ್ಕೆ ಉಳಿಯುವುದು ಬೇರು ಮತ್ತು ಕೂಳೆ. ದನವೇ ಮಾರಿಹೋದರೆ ತಿಪ್ಪೆಯೂ ಇಲ್ಲ. ಎಕರೆಗೆ 4 ಟನ್ ಎಂಬ ಪ್ರಮಾಣ ದೊಡ್ಡಬಳ್ಳಾಪುರ, ದೇವನಹಳ್ಳಿಯ ಸಣ್ಣ ಹಿಡುವಳಿದಾರನಿಗೆ ಹಗುರವಾದ ಮಾತಲ್ಲ. ಬದುಗಳ ಮೇಲೆ ಗ್ಲಿರಿಸಿಡಿಯಾ ಬೆಳೆಸಿ ಸೊಪ್ಪು ಹಾಕುವುದು, ಹೊಂಗೆ ಸೊಪ್ಪು ಬಳಸುವುದು, ರಾಗಿಗೆ ಮುಂಚೆ ಹಸಿರೆಲೆ ಗೊಬ್ಬರದ ಬೆಳೆ ಹಾಕಿ ಉಳುವುದು: ಇವು ಸಾಧ್ಯವಿರುವ ದಾರಿಗಳು. ಬೆಂಗಳೂರಿನ ಅಡುಗೆಮನೆಗಳ ಹಸಿ ಕಸ ಒಳ್ಳೆಯ ಕಾಂಪೋಸ್ಟ್ ಆಗಿ ಈ ಹೊಲಗಳಿಗೆ ಮರಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಹಳೆಯ ತಾಕುಗಳ ಸುತ್ತ ನಗರ ಎಷ್ಟೇ ಒತ್ತಿಕೊಂಡು ಬಂದರೂ ಅವನ್ನು ಮುಟ್ಟಬಾರದು: ದಶಕಗಳ ಗೊಬ್ಬರ ಉಂಡ ಮಣ್ಣನ್ನು ಬೇರೆಡೆ ಹೊಸದಾಗಿ ಮಾಡಲು ಮತ್ತೆ ಅಷ್ಟೇ ದಶಕ ಬೇಕು.