ಬೆಟ್ಟಕ್ಕೆ ಸೈಕಲ್, ಕಡಲ ತೀರದಲ್ಲಿ ತಯಾರಿ

ಚೆನ್ನೈನಲ್ಲಿ ಇದ್ದುಕೊಂಡು ಬೆಟ್ಟ ಹತ್ತುವ ಸೈಕಲ್ ಓಟಕ್ಕೆ ತಯಾರಾಗುವುದೆಂದರೆ ಕೆರೆಯಿಲ್ಲದ ಊರಿನಲ್ಲಿ ಈಜು ಕಲಿತ ಹಾಗೆ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಈ ಊರು ನಮಗೆ ಬೆಟ್ಟದ ಬದಲು ಇನ್ನೊಂದನ್ನು ಕೊಟ್ಟಿದೆ. ಅದನ್ನು ಬಳಸಿಕೊಳ್ಳುವುದು ಗೊತ್ತಾದರೆ ನಂದಿ ಬೆಟ್ಟವೂ ಒಲಿಯುತ್ತದೆ. ಆ ಗುಟ್ಟು ಹೇಳುವುದಕ್ಕೇ ಈ ಲೇಖನ.

ಚೆನ್ನೈಗೂ ಸೈಕಲ್ಲಿಗೂ ಹಳೆಯ ನಂಟು. 1949ರಲ್ಲಿ ಶುರುವಾದ ಟಿಐ ಸೈಕಲ್ಸ್ ಕಂಪನಿಯ ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಅಂಬತ್ತೂರಿನಿಂದ ಹೊರಟು ನಮ್ಮ ಕನ್ನಡ ನಾಡಿನ ಹಳ್ಳಿ ಹಳ್ಳಿ ತಲುಪಿದವು. ನಮ್ಮಲ್ಲಿ ಎಷ್ಟೋ ಜನ ಅವುಗಳ ಮೇಲೆಯೇ ಒಳಪೆಡಲ್ ಹೊಡೆದು ಸೈಕಲ್ ಕಲಿತವರು. ಇನ್ನು ನಂದಿಗೂ ಈ ಊರಿಗೂ ಇರುವ ನಂಟು ಇನ್ನೂ ಹಳೆಯದು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ವೆಲ್ಲೂರಿನ ಮೇಲೆ ಹರಿದು ಕಲ್ಪಾಕ್ಕಂ ಆಚೆ ವಯಲೂರಿನ ಬಳಿ ಕಡಲು ಸೇರುತ್ತದೆ. ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಅಷ್ಟು ದೂರ ಸೈಕಲ್ ತುಳಿದವರು ಅದರ ಸೇತುವೆ ದಾಟಿರುತ್ತಾರೆ. ನದಿ ಇಳಿದು ಬಂದಿದೆ, ನಾವು ಹತ್ತಿ ಹೋಗಬೇಕು, ಅಷ್ಟೆ.

ಗಡಿಯಾರದ ಎದುರು ಓಟ

ಸಮಯದ ಓಟ ಎಂದರೆ ಏನೆಂದು ಕೆಲವರು ಕೇಳುತ್ತಾರೆ. ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಒಬ್ಬರ ಹಿಂದೆ ಇನ್ನೊಬ್ಬರು ಗಾಳಿಯ ಮರೆಯಲ್ಲಿ ಹೋಗುವಂತಿಲ್ಲ. ಕೊನೆಗೆ ಯಾರ ಸಮಯ ಕಡಿಮೆಯೋ ಅವರು ಗೆದ್ದಂತೆ. ಬೆಂಗಳೂರಿನಲ್ಲಿ ತರಬೇತಿ ಪಡೆದ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರವಾಗಿ ಇಳಿದದ್ದು ಇದೇ ಬಗೆಯ ಓಟಕ್ಕೆ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ವರ್ಷಗಳಿಂದ ರಾಷ್ಟ್ರೀಯ ಪದಕಗಳನ್ನು ತರುತ್ತಿದ್ದಾರೆ. ಅವರದೂ ಬಯಲುಸೀಮೆ ಎಂಬುದನ್ನು ನೆನಪಿಡಿ.

ನನ್ನ ಕಥೆ ಅಷ್ಟು ದೊಡ್ಡದಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೆ ಸೈಕಲ್ ಹತ್ತಿದವನು ನಾನು. 2018ರಲ್ಲಿ ಬೆಂಗಳೂರಿನ ಗೆಳೆಯರು ತಮ್ಮತಮ್ಮೊಳಗೆ ಏರ್ಪಡಿಸಿಕೊಂಡ ನಂದಿಯ ಓಟಕ್ಕೆ ಹುಮ್ಮಸ್ಸಿನಿಂದ ಹೋದೆ. ಮೊದಲ ಎರಡು ಕಿಲೋಮೀಟರ್ ಬಾಣದಂತೆ ಹೋದೆ. ಐದನೆಯ ಕಿಲೋಮೀಟರಿನಲ್ಲಿ ಒಂದು ತಿರುವಿನ ಬಳಿ ಕಾಲು ಕಲ್ಲಾಯಿತು. ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಾಗ ಹಿಂದೆ ಹೊರಟಿದ್ದ ಅಣ್ಣನ ಮಗ ಪಕ್ಕದಲ್ಲೇ ಹಾದುಹೋದ. "ಚಿಕ್ಕಪ್ಪಾ, ಮೇಲೆ ಕಾಯ್ತಿರ್ತೀನಿ" ಎಂದು ಹೇಳಿದ, ನಿಲ್ಲಲಿಲ್ಲ. ನಿಲ್ಲಬಾರದು ಕೂಡ. ನಾನು ತುದಿ ಮುಟ್ಟಿದಾಗ ಒಂದು ಗಂಟೆ ಎರಡು ನಿಮಿಷ ಆಗಿತ್ತು. ಆ ದಿನ ಮೇಲೆ ಕುಳಿತು ಮಾಡಿದ ತಪ್ಪುಗಳನ್ನೆಲ್ಲ ಎಣಿಸಿದೆ. ಅವನ್ನು ನೀವು ಮಾಡಬಾರದೆಂದು ಇಲ್ಲಿ ಬರೆಯುತ್ತಿದ್ದೇನೆ.

ಗಾಳಿಯೇ ನಮ್ಮ ಬೆಟ್ಟ

ನಂದಿಯ ತುದಿ ಸಮುದ್ರಮಟ್ಟಕ್ಕಿಂತ 1,478 ಮೀಟರ್ ಎತ್ತರದಲ್ಲಿದೆ. ಅಡಿಯಿಂದ ಮೇಲಿನವರೆಗಿನ ರಸ್ತೆ ಸುಮಾರು ಏಳೂವರೆ ಕಿಲೋಮೀಟರ್. ಸರಾಸರಿ ನೂರು ಮೀಟರ್ ಹೋದರೆ ಆರು ಮೀಟರಿನಷ್ಟು ಏರು ಎಂದಿಟ್ಟುಕೊಳ್ಳಿ. ಕೊನೆಯ ಭಾಗ ಇನ್ನೂ ಕಡಿದು.

ಈಗ ಒಂದು ಲೆಕ್ಕ ಹಾಕೋಣ. ಸವಾರ 70 ಕಿಲೋ, ಸೈಕಲ್ 10 ಕಿಲೋ. ಈ ಏರಿನಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 150 ವ್ಯಾಟ್ ಶಕ್ತಿ ಬೇಕು. ಇಷ್ಟೇ ಶಕ್ತಿಯಲ್ಲಿ ಗಾಳಿಯಿಲ್ಲದ ಸಮತಟ್ಟು ರಸ್ತೆಯ ಮೇಲೆ ಗಂಟೆಗೆ 28 ಕಿಲೋಮೀಟರ್ ಹೋಗಬಹುದು. ಆದರೆ ಗಂಟೆಗೆ 15 ಕಿಲೋಮೀಟರಿನ ಎದುರುಗಾಳಿ ಬೀಸುತ್ತಿದ್ದರೆ? ವೇಗ 20ಕ್ಕೆ ಇಳಿಯುತ್ತದೆ. ಅಂದರೆ ಎದುರುಗಾಳಿಯಲ್ಲಿ 20ರ ವೇಗದಲ್ಲಿ ತುಳಿಯುವ ಕಾಲಿಗೂ ನಂದಿಯಲ್ಲಿ 10ರ ವೇಗದಲ್ಲಿ ಏರುವ ಕಾಲಿಗೂ ಶ್ರಮ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ತುಳಿಯುವುದನ್ನು ಬಿಟ್ಟ ಕ್ಷಣ ಸೈಕಲ್ ನಿಲ್ಲುತ್ತಾ ಬರುತ್ತದೆ. ಬೆಟ್ಟದ ಪಾಠವೂ ಅದೇ ತಾನೆ?

ಆದ್ದರಿಂದ ಗಾಳಿಯನ್ನು ಬೈಯಬೇಡಿ, ಹುಡುಕಿಕೊಂಡು ಹೋಗಿ. ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ಕಡಲ ಗಾಳಿ ಆಗ್ನೇಯದಿಂದ ಬರುತ್ತದೆ, ಮಾಮಲ್ಲಪುರದ ಕಡೆ ಹೋಗುವಾಗ ಎದುರಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಈಶಾನ್ಯದ ಗಾಳಿ. ಆಗ ಹೋಗುವುದು ಸುಲಭ, ತಿರುಗಿ ಬರುವುದೇ ಕಷ್ಟ. ಹೋಗುವಾಗ ಹುರುಪಿನಲ್ಲಿ ದೂರ ಹೋಗಿಬಿಟ್ಟರೆ ಬರುವಾಗ ಅಳಬೇಕಾಗುತ್ತದೆ, ಜೋಕೆ. ನಡು ಮಧ್ಯಾಹ್ನದ ಬಿಸಿಲಿನಲ್ಲಂತೂ ಹೋಗಲೇಬೇಡಿ. ಸಂಜೆ ಹೋದರೆ ಹಿಂದೆ ಮುಂದೆ ದೀಪ ಇರಲಿ.

ಸೈಕಲ್ ಸಿದ್ಧತೆ

ಮೊದಲು ಗೇರ್. ನನ್ನ ದೊಡ್ಡ ತಪ್ಪು ಇದೇ. ಮುಂದೆ 39 ಹಲ್ಲು, ಹಿಂದೆ 25 ಹಲ್ಲು ಇರುವ ಗೇರಿನಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗಕ್ಕೆ ಪೆಡಲ್ ನಿಮಿಷಕ್ಕೆ ಸುಮಾರು 51 ಸುತ್ತು ಮಾತ್ರ ತಿರುಗುತ್ತದೆ. ಮಂಡಿಗೆ ಅದು ಶಿಕ್ಷೆ. ಅದೇ ಮುಂದೆ 34, ಹಿಂದೆ 32 ಹಾಕಿಸಿದರೆ 75 ಸುತ್ತು ಬರುತ್ತದೆ. ಉಸಿರು ಹೆಚ್ಚಾಗಬಹುದು, ಕಾಲು ಉಳಿಯುತ್ತದೆ. ಹಿಂದಿನ ಹಲ್ಲುಚಕ್ರ ದೊಡ್ಡದು ಮಾಡಿಸುವಾಗ ಹಿಂದಿನ ಗೇರ್ ಬದಲಿಸುವ ಭಾಗಕ್ಕೆ ಅದು ಹಿಡಿಸುತ್ತದೆಯೇ, ಚೈನ್ ಉದ್ದ ಸಾಕೇ ಎಂದು ಮೆಕ್ಯಾನಿಕ್ ಬಳಿ ಕೇಳಿಯೇ ಹಾಕಿಸಿ.

ಎರಡನೆಯದು ಚೈನ್. ನಮ್ಮ ಊರಿನ ಉಪ್ಪುಗಾಳಿ ಚೈನನ್ನು ತಿನ್ನುತ್ತದೆ. ಕಡಲ ರಸ್ತೆಯಿಂದ ಬಂದ ದಿನವೇ ಬಟ್ಟೆಯಿಂದ ಒರೆಸಿ, ಎಣ್ಣೆ ಬಿಟ್ಟು, ಹೆಚ್ಚಾದ ಎಣ್ಣೆಯನ್ನು ಮತ್ತೆ ಒರೆಸಿ. ಸವೆದಿದೆಯೋ ಇಲ್ಲವೋ ನೋಡಲು ಮಕ್ಕಳ ಸ್ಕೇಲ್ ಸಾಕು. ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರಬೇಕು. ಅಂಗುಲದ ಹದಿನಾರನೇ ಒಂದು ಭಾಗದಷ್ಟು ಹೆಚ್ಚು ತೋರಿದರೆ ಹೊಸದು ಹಾಕಿಸಿ.

ಮೂರನೆಯದು ಭಾರ. ಮೇಲಿನ ಲೆಕ್ಕದಂತೆ ಒಂದು ಕಿಲೋ ಭಾರ ಕಡಿಮೆಯಾದರೆ 45 ನಿಮಿಷದ ಏರಿನಲ್ಲಿ ಉಳಿಯುವುದು ಸುಮಾರು ಅರ್ಧ ನಿಮಿಷ. ಇದಕ್ಕಾಗಿ ಸಾವಿರಾರು ರೂಪಾಯಿಯ ಹಗುರ ಭಾಗಗಳನ್ನು ಕೊಳ್ಳುವ ಮುಂಚೆ ಚೀಲ, ಬೀಗ, ಸ್ಟ್ಯಾಂಡ್ ಬಿಚ್ಚಿಡಿ. ಆಮೇಲೆ ಕನ್ನಡಿಯ ಮುಂದೆ ನಿಂತು ಹೊಟ್ಟೆ ನೋಡಿಕೊಳ್ಳಿ. ನನಗೆ ಅಲ್ಲಿಯೇ ನಾಲ್ಕು ಕಿಲೋ ಸಿಕ್ಕಿತು.

ಕೊನೆಯದು ಬ್ರೇಕ್. ಹತ್ತುವಾಗ ಇದರ ನೆನಪು ಬರುವುದಿಲ್ಲ, ಇಳಿಯುವಾಗ ಪ್ರಾಣ ಇದರ ಕೈಯಲ್ಲಿ. ಬ್ರೇಕ್ ರಬ್ಬರ್ ಸವೆದಿದ್ದರೆ, ತಂತಿ ತುಕ್ಕು ಹಿಡಿದಿದ್ದರೆ ಓಟಕ್ಕೆ ಎರಡು ವಾರ ಮುಂಚೆಯೇ ಬದಲಿಸಿ. ಹಿಂದಿನ ರಾತ್ರಿ ಹೊಸ ಭಾಗ ಹಾಕುವ ಸಾಹಸ ಬೇಡ.

ಹನ್ನೆರಡು ವಾರ

ನಲವತ್ತು ದಾಟಿದವರು ಮೊದಲು ಡಾಕ್ಟರ ಬಳಿ ಹೋಗಿ ಹೃದಯ ಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಶ್ರಮದ ದಿನ ಏನು ಮಾಡಬೇಕೆಂದು ಅವರನ್ನೇ ಕೇಳಿ, ಜೇಬಿನಲ್ಲಿ ಬೆಲ್ಲ ಅಥವಾ ಗ್ಲೂಕೋಸ್ ಇರಲಿ. ಎದೆಯಲ್ಲಿ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಬೆಟ್ಟ ಎಲ್ಲಿಯೂ ಓಡಿಹೋಗುವುದಿಲ್ಲ.

ವಾರಕ್ಕೆ ಮೂರು ದಿನ ಸಾಕು. ಒಂದು ದಿನ ಗಾಳಿಯ ಅಭ್ಯಾಸ: ಎದುರುಗಾಳಿಯಲ್ಲಿ ಹತ್ತು ನಿಮಿಷ ಗಟ್ಟಿಯಾಗಿ, ಐದು ನಿಮಿಷ ಮೆಲ್ಲಗೆ, ಹೀಗೆ ಮೂರು ಸಲ. ವಾರ ಕಳೆದಂತೆ ಹತ್ತನ್ನು ಹದಿನೈದಕ್ಕೆ ಏರಿಸಿ. ಗಟ್ಟಿ ಎಂದರೆ ಒಂದೆರಡು ಮಾತು ಆಡಲು ಬರಬೇಕು, ಹರಟೆ ಹೊಡೆಯಲು ಬರಬಾರದು.

ಇನ್ನೊಂದು ದಿನ ಬೆಳಗಿನ ಜಾವ ಪರಂಗಿಮಲೆಗೆ ಹೋಗಿ. ಸೇಂಟ್ ಥಾಮಸ್ ಮೌಂಟ್ ಎಂದು ನಾವು ಕರೆಯುವ ಆ ಗುಡ್ಡದ ತುದಿಗೆ ರಸ್ತೆಯಿದೆ. ಗುಡ್ಡ ಚಿಕ್ಕದು. ಆದರೆ ಆರೇಳು ಸಲ ಹತ್ತಿದರೆ ಒಟ್ಟು ನಂದಿಯ ಏರಿನಷ್ಟೇ ಆಗುತ್ತದೆ. ಮೇಲೆ ಪುರಾತನ ಚರ್ಚ್ ಇದೆ, ಭಕ್ತರು ಬರುವ ಜಾಗ. ಗದ್ದಲ ಮಾಡದೆ, ನಡೆದು ಬರುವವರಿಗೆ ದಾರಿ ಬಿಟ್ಟು ಹೋಗೋಣ.

ಮೂರನೆಯದು ಭಾನುವಾರದ ದೂರದ ಸವಾರಿ. ಮೊದಲು ತಿರುವಾನ್ಮಿಯೂರಿನಿಂದ ಕೋವಳಂವರೆಗೆ, ಆಮೇಲೆ ಮಾಮಲ್ಲಪುರದವರೆಗೆ. ಅರ್ಧ ಗಂಟೆಗೊಮ್ಮೆ ನೀರು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆಗಿಂತ ಒಳ್ಳೆಯ ಪಾನೀಯ ನನಗೆ ಗೊತ್ತಿಲ್ಲ.

ಒಂಬತ್ತನೆಯ ವಾರ ನಿಜವಾದ ಘಟ್ಟ ನೋಡಿ ಬನ್ನಿ. ಬೆಂಗಳೂರು ರೈಲಿನ ದಾರಿಯಲ್ಲೇ ಜೋಲಾರ್‌ಪೇಟೆ, ಅದರ ಹತ್ತಿರವೇ ಏಲಗಿರಿ. ಅಲ್ಲಿನ ಹದಿನಾಲ್ಕು ಹೇರ್‌ಪಿನ್ ತಿರುವುಗಳಿಗೆ ತಮಿಳು ಕವಿಗಳ, ದಾನಿ ಅರಸರ ಹೆಸರಿಟ್ಟಿದ್ದಾರೆ. ಉಸಿರು ಬಿಡುತ್ತಾ ಒಂದೊಂದೇ ಹೆಸರು ಓದಿಕೊಂಡು ಹತ್ತಬಹುದು. ತಿರುವಿನ ಒಳಮಗ್ಗುಲು ಕಡಿದಾಗಿಯೂ ಹೊರಮಗ್ಗುಲು ಸಲೀಸಾಗಿಯೂ ಇರುವುದು ಅಲ್ಲಿ ಕಾಲಿಗೇ ಗೊತ್ತಾಗುತ್ತದೆ. ಹಾಗೆಂದು ವಾಹನ ಓಡಾಡುವ ರಸ್ತೆಯಲ್ಲಿ ಬಲಕ್ಕೆ ಹೋಗಬೇಡಿ. ಎಡಗಡೆಯೇ ನಮ್ಮದು.

ಕೊನೆಯ ವಾರ ಅಭ್ಯಾಸ ಅರ್ಧಕ್ಕೆ ಇಳಿಸಿ. ಭಯದಿಂದ ಹೆಚ್ಚು ತುಳಿದರೆ ಲಾಭವಿಲ್ಲ, ದಣಿವು ಮಾತ್ರ ಉಳಿಯುತ್ತದೆ.

ಆ ದಿನ

ಸೈಕಲ್ಲನ್ನು ರೈಲಿನಲ್ಲಿ ಲಗೇಜ್ ಆಗಿ ಕಳಿಸಿದ್ದರೆ ಒಂದು ದಿನ ಮುಂಚೆ ತಲುಪಿ, ಬ್ರೇಕ್, ಗೇರ್ ಮತ್ತೆ ನೋಡಿ. ಹೊರಡುವುದಕ್ಕೆ ಎರಡೂವರೆ ಗಂಟೆ ಮುಂಚೆ ಎರಡು ಮೂರು ಇಡ್ಲಿ, ಒಂದು ಬಾಳೆಹಣ್ಣು. ಇಪ್ಪತ್ತು ನಿಮಿಷ ಮೆಲ್ಲಗೆ ತುಳಿದು ಮೈ ಬಿಸಿ ಮಾಡಿಕೊಳ್ಳಿ.

ಮೊದಲ ಎರಡು ಕಿಲೋಮೀಟರ್ 'ಇಷ್ಟು ನಿಧಾನವೇ?' ಎನಿಸುವಂತೆ ಹೋಗಿ. ಯಾರಾದರೂ ದಾಟಿ ಹೋದರೆ ಹೋಗಲಿ ಬಿಡಿ, ನಿಮ್ಮ ಎದುರಾಳಿ ಅವರಲ್ಲ. ಕಡಲ ರಸ್ತೆಯ ಎದುರುಗಾಳಿಯಲ್ಲಿ ಕಲಿತ ಒಂದೇ ಹದವನ್ನು ಹಿಡಿದುಕೊಳ್ಳಿ. ಉಳಿಸಿಟ್ಟ ಶಕ್ತಿಯೆಲ್ಲ ಕೊನೆಯ ಕಡಿದಾದ ತಿರುವುಗಳಿಗೆ.

ತುದಿ ಮುಟ್ಟಿದ ಮೇಲೆ ಓಟ ಮುಗಿಯಿತು ಎಂದುಕೊಳ್ಳಬೇಡಿ, ಇಳಿಯುವುದು ಉಳಿದಿದೆ. ಬೆಳಗಿನ ಮಂಜಿಗೆ ರಸ್ತೆ ಒದ್ದೆಯಾಗಿರುತ್ತದೆ, ಕಾರು ಬೈಕು ಎದುರಿಗೆ ಬರುತ್ತವೆ, ಕೋತಿಗಳಂತೂ ಹೇಳದೆ ಕೇಳದೆ ರಸ್ತೆಗೆ ಇಳಿಯುತ್ತವೆ. ಬೆವರು ಆರುವ ಮುಂಚೆ ಒಂದು ಜಾಕೆಟ್ ಹಾಕಿಕೊಳ್ಳಿ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನ ಒಳಗೆ ಬ್ರೇಕ್ ಒತ್ತಬೇಡಿ. ಬ್ರೇಕನ್ನು ಎಡೆಬಿಡದೆ ಹಿಡಿದುಕೊಂಡೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯವಿದೆ. ಒತ್ತಿ, ಬಿಡಿ, ಮತ್ತೆ ಒತ್ತಿ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕೆ? ಇಳಿತದಲ್ಲಿ ಗಡಿಯಾರ ನಿಂತಿರುತ್ತದೆ, ಗೆಲ್ಲಬೇಕಾದ್ದು ಏನೂ ಇರುವುದಿಲ್ಲ.

2020ರ ಜನವರಿಯಲ್ಲಿ ನಾನು ಮತ್ತೆ ಹೋದೆ. ಸಮಯ 47 ನಿಮಿಷ. ಅಣ್ಣನ ಮಗ ನನಗಿಂತ ಹನ್ನೆರಡು ನಿಮಿಷ ಮುಂಚೆಯೇ ಮೇಲಿದ್ದ. ಅವನ ವಯಸ್ಸು ನನಗೆ ಮತ್ತೆ ಬರುವುದಿಲ್ಲ, ಬಿಡಿ. ಆದರೆ ಈ ಸಲ ಒಂದು ಹೆಜ್ಜೆಯೂ ನಡೆಯಲಿಲ್ಲ. ಮೇಲೆ ಗಾಳಿ ಜೋರಾಗಿ ಬೀಸುತ್ತಿತ್ತು. ಎರಡು ವರ್ಷ ಕಡಲ ರಸ್ತೆಯಲ್ಲಿ ಮುಖಕ್ಕೆ ಹೊಡೆದ ಗಾಳಿ ಅಲ್ಲಿ ಬೆನ್ನು ತಟ್ಟಿದಂತೆ ಅನಿಸಿತು.

ಮಿತ್ರರೇ, ಅಟ್ಟದ ಮೇಲೋ ಮೆಟ್ಟಿಲ ಕೆಳಗೋ ಧೂಳು ಹಿಡಿದಿರುವ ಸೈಕಲ್ ನಿಮ್ಮ ಮನೆಯಲ್ಲೂ ಇರಬಹುದು. ಈ ಭಾನುವಾರ ಅದನ್ನು ಕೆಳಗಿಳಿಸಿ, ಒರೆಸಿ, ಗಾಳಿ ತುಂಬಿಸಿ. ಬೆಳಿಗ್ಗೆ ಐದೂವರೆಗೆ ತಿರುವಾನ್ಮಿಯೂರಿನ ಕಡೆ ಬಂದರೆ ನನ್ನಂತಹ ನರೆತ ತಲೆಯವರೂ ಅಲ್ಲಿ ಸಿಗುತ್ತಾರೆ. ಕನ್ನಡದಲ್ಲೇ ಮಾತನಾಡಿಕೊಂಡು ಹೋಗೋಣ, ಎದುರುಗಾಳಿ ಮಾತು ನಿಲ್ಲಿಸುವವರೆಗೆ.