ಮೂತ್ರಪಿಂಡ ಸೋಲುವ ಮುನ್ನ

ಮೂತ್ರಪಿಂಡ ಸೋತವರ ಮನೆಯ ಕಷ್ಟವನ್ನು ಬಲ್ಲವರೇ ಬಲ್ಲರು. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್. ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ. ನಮ್ಮ ಕಳ್ಳಂಬೆಳ್ಳದ ಸುತ್ತಿನ ಹಳ್ಳಿಗರಿಗೆ ಶಿರಾಕ್ಕೋ ತುಮಕೂರಿಗೋ ಅಲೆದಾಟ. ಚಿಕಿತ್ಸೆ ಉಚಿತವಾಗಿ ದೊರೆತರೂ ಜೊತೆಗೆ ಹೋದವರ ಅಂದಿನ ದುಡಿಮೆ ತಪ್ಪುತ್ತದೆ.

ರಕ್ತ ಶುದ್ಧಿಯ ಯಂತ್ರವನ್ನು 1943ರಲ್ಲಿ ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್ ರೋಗಿಗೆ ಬಳಸಿದರು. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿ ಸಫಲವಾಯಿತು. ಇವೆರಡೂ ಅಂಗ ಸೋತ ಮೇಲಿನ ಉಪಾಯಗಳು. ಆ ಸೋಲನ್ನೇ ಮುಂದೂಡಲಾಗದೆ?

ಇದಕ್ಕೆ ಉತ್ತರವನ್ನಿತ್ತದ್ದು ವೈದ್ಯಕೀಯ ಪರೀಕ್ಷಾ ಅಧ್ಯಯನಗಳು. ರೋಗಿಗಳಲ್ಲಿ ಕೆಲವರಿಗೆ ನಿಜವಾದ ಔಷಧ, ಉಳಿದವರಿಗೆ ಅದೇ ರೂಪದ ಸತ್ತ್ವವಿಲ್ಲದ ಮಾತ್ರೆ. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯರಿಗೂ ತಿಳಿಯದು. ಹೀಗೆ 409 ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಪ್ಟೊಪ್ರಿಲ್ ಸೇವಿಸಿದವರಿಗೆ ಮರಣ, ಡಯಾಲಿಸಿಸ್ ಇಲ್ಲವೆ ಕಸಿಯ ಅಪಾಯ ಅರ್ಧದಷ್ಟು ತಗ್ಗಿತ್ತು. 2020ರಲ್ಲಿ 4304 ಜನರ ಮತ್ತೊಂದು ಅಧ್ಯಯನ ಹೊರಬಂದಿತು. ಮಧುಮೇಹಕ್ಕೆಂದು ಬಂದ ಡಪಾಗ್ಲಿಫ್ಲೋಜಿನ್, ಮಧುಮೇಹವಿಲ್ಲದ ಮೂತ್ರಪಿಂಡ ರೋಗಿಗಳಿಗೂ ಹಿತಕರವೆಂದು ಅದು ತೋರಿಸಿತು.

ಆದರೆ ಇವು ಸತ್ತ ಅಂಗವನ್ನು ಬದುಕಿಸುವ ಸಂಜೀವಿನಿಯಲ್ಲ. ಉಳಿದಿರುವ ಶಕ್ತಿಯನ್ನು ಕಾಪಾಡಬಲ್ಲವಷ್ಟೆ. ಈ ರೋಗವಾದರೋ ಬಹುಕಾಲ ನೋವಿಲ್ಲದೆ ಬೆಳೆಯುತ್ತದೆ. ಆದುದರಿಂದ ಓದುಗರಲ್ಲಿ ನಮ್ಮ ಅರಿಕೆ ಇಷ್ಟೆ: ಮನೆಯಲ್ಲಿ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರಿದ್ದರೆ ವರುಷಕ್ಕೊಮ್ಮೆ ಮೂತ್ರದಲ್ಲಿನ ಪ್ರೋಟೀನು ಹಾಗೂ ರಕ್ತದಲ್ಲಿನ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಿ. ಮೈಕೈ ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗದಿರಿ. ಮೇಲೆ ಹೇಳಿದ ಔಷಧಗಳನ್ನೂ ವೈದ್ಯರ ಸಲಹೆಯಿಲ್ಲದೆ ಸೇವಿಸಲಾಗದು. ಕಾಲು ಬಾತ ಮೇಲೆ ಓಡುವುದಕ್ಕಿಂತ, ನಡೆದಾಡುವಾಗಲೇ ಹೋಗಿ ಬರುವುದು ಲೇಸು.