ಹೈಬ್ರಿಡ್ ಕಾರಿನ ಯಂತ್ರರಚನೆ ಮತ್ತು ವಾರಂಟಿಯ ಲೆಕ್ಕ

ಹೈಬ್ರಿಡ್ ಕಾರು ಕೊಳ್ಳುವವರ ಅಂಜಿಕೆಯೆಲ್ಲ ಬಹುಮಟ್ಟಿಗೆ ಅದರ ದೊಡ್ಡ ಬ್ಯಾಟರಿಯ ಸುತ್ತಲೇ ಇರುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನು, ಎಂದರೆ ಮೂಲ ವಾರಂಟಿ ಮುಗಿದ ಮೇಲೂ ಹೆಚ್ಚುವರಿ ಹಣಕ್ಕೆ ದೊರೆಯುವ ದುರಸ್ತಿಯ ಭರವಸೆಯನ್ನು, ಮಾರುವವರ ಕೆಲಸವನ್ನು ಈ ಅಂಜಿಕೆಯೇ ಅರ್ಧ ಮುಗಿಸಿಕೊಡುತ್ತದೆ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಹೈಕ್ರಾಸ್ 2022ರ ಕೊನೆಯಲ್ಲಿ ಅನಾವರಣಗೊಂಡಾಗ ಇಡೀ ಕಾರಿಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಹೈಬ್ರಿಡ್ ಬ್ಯಾಟರಿಗೆ ಮಾತ್ರ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇತ್ತು, ಹಣ ತೆತ್ತರೆ ಕಾರಿನ ವಾರಂಟಿ 5 ವರ್ಷ ಅಥವಾ 2.2 ಲಕ್ಷ ಕಿ.ಮೀ.ಗೆ ಏರುತ್ತಿತ್ತು. ಇವುಗಳಲ್ಲಿ ಯಾವ ಮಿತಿ ಮೊದಲು ಮುಟ್ಟುವುದೋ ಅಲ್ಲಿಗೆ ವಾರಂಟಿ ಮುಗಿಯುತ್ತದೆ. ಹಾಗಾಗಿ ವಿಸ್ತರಣೆಗೆ ತೆರುವ ಹಣ, ಹೆಚ್ಚಿನ ಮಾಲೀಕರ ಪಾಲಿಗೆ, ಬ್ಯಾಟರಿಯನ್ನು ಬಿಟ್ಟು ಉಳಿದ ಭಾಗಗಳಿಗೆ ತೆರುವ ಹಣವೇ ಆಗಿರುತ್ತದೆ.

ಆ ಉಳಿದ ಭಾಗಗಳು ಯಾವುವು? 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಕಾರಿನಿಂದ ಇಂದಿನವರೆಗೆ ಟೊಯೋಟಾ ಹೈಬ್ರಿಡ್‌ಗಳ ಹೃದಯಭಾಗದಲ್ಲಿ ಪ್ಲಾನೆಟರಿ ಗೇರ್ ಎಂಬ ಹಲ್ಲುಚಕ್ರಗಳ ಜೋಡಣೆಯಿದೆ: ನಡುವೆ ಒಂದು ಚಕ್ರ, ಅದನ್ನು ಸುತ್ತುವ ಕೆಲವು ಸಣ್ಣ ಚಕ್ರಗಳು, ಹೊರಗೆ ಬಳೆಯಂತೆ ಇವೆಲ್ಲವನ್ನೂ ಬಳಸಿದ ಇನ್ನೊಂದು ಚಕ್ರ. ಪೆಟ್ರೋಲ್ ಎಂಜಿನ್ ಸಣ್ಣ ಚಕ್ರಗಳನ್ನು ಹೊತ್ತ ಚೌಕಟ್ಟನ್ನು ತಿರುಗಿಸಿದರೆ, ಒಂದು ಮೋಟಾರು ನಡುವಿನ ಚಕ್ರಕ್ಕೂ ಇನ್ನೊಂದು ಗಾಲಿಗಳತ್ತ ಹೋಗುವ ಹೊರಚಕ್ರದ ಕಡೆಗೂ ಹೊಂದಿಕೊಂಡಿದ್ದು, ಇವುಗಳ ವೇಗಗಳನ್ನು ಹೊಂದಿಸುವುದರಿಂದಲೇ ಗೇರ್ ಬದಲಿಸಿದ ಪರಿಣಾಮ ದೊರೆಯುತ್ತದೆ. ಮೊದಲನೆಯ ಮೋಟಾರೇ ಎಂಜಿನ್ನನ್ನು ಚಾಲೂ ಮಾಡಿ ವಿದ್ಯುತ್ತನ್ನೂ ಉತ್ಪಾದಿಸುವುದರಿಂದ, ಸಾಮಾನ್ಯ ಕಾರಿನಲ್ಲಿ ಆಗಾಗ ಕೈಕೊಡುವ ಸ್ಟಾರ್ಟರ್, ಆಲ್ಟರ್ನೇಟರ್ ಮತ್ತು ಕ್ಲಚ್ ಪ್ಲೇಟುಗಳು ಇಲ್ಲಿ ಇಲ್ಲವೇ ಇಲ್ಲ.

ಇಲ್ಲದ ಭಾಗ ಕೆಡುವುದಿಲ್ಲ, ನಿಜ. ಆದರೆ ಆ ಜಾಗಕ್ಕೆ ದುಬಾರಿ ಇಲೆಕ್ಟ್ರಾನಿಕ್ ಭಾಗಗಳು ಬಂದಿವೆ. ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರ್, ಅದನ್ನು ತಂಪಾಗಿಡುವ ಪಂಪು, ವಿದ್ಯುತ್ತಿನಿಂದ ನಡೆಯುವ ಏ.ಸಿ. ಕಂಪ್ರೆಸರ್, ಬ್ರೇಕಿನ ಒತ್ತಡವನ್ನು ಮೋಟಾರಿಗೂ ಪ್ಯಾಡುಗಳಿಗೂ ಹಂಚುವ ಘಟಕ, ಇವೆಲ್ಲ ಬೀದಿ ಬದಿಯ ಗ್ಯಾರೇಜಿನಲ್ಲಿ ಬಿಚ್ಚಿ ರಿಪೇರಿ ಮಾಡುವಂಥವಲ್ಲ. ಇನ್ವರ್ಟರಿನ ಅರೆವಾಹಕಗಳು ಕಾದು ತಣಿಯುವುದನ್ನು ಸಾವಿರಾರು ಸಲ ಪುನರಾವರ್ತಿಸುವಾಗ ಅವುಗಳ ಬೆಸುಗೆಗಳು ಹಿಗ್ಗಿ ಕುಗ್ಗಿ ದಣಿಯುತ್ತವೆ. ವಿಸ್ತರಿತ ವಾರಂಟಿಗೆ ಅರ್ಥ ಬರುವುದು ಇಂಥ ಭಾಗಗಳಿಂದ. ಅವುಗಳ ಹೆಸರು ಒಪ್ಪಂದದಲ್ಲಿ ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಕಡಿಮೆ. ವಿನ್ಯಾಸದಲ್ಲೇ ದೋಷವಿದ್ದರೆ ದಾರಿ ಬೇರೆ: 2014ರಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್ ಕಾರುಗಳನ್ನು ಹಿಂದಕ್ಕೆ ಕರೆಸಿ, ಟ್ರಾನ್ಸಿಸ್ಟರುಗಳು ಅತಿಯಾಗಿ ಕಾಯಲು ಕಾರಣವಾಗುತ್ತಿದ್ದ ತಂತ್ರಾಂಶವನ್ನು ಬದಲಿಸಿಕೊಟ್ಟಿತು.

ಯಂತ್ರಗಳ ಕೆಡುವಿಕೆಯನ್ನು ಅಳೆಯುವವರು ಮೂರು ಘಟ್ಟಗಳನ್ನು ಗುರುತಿಸುತ್ತಾರೆ: ತಯಾರಿಕೆಯ ಲೋಪಗಳು ಹೊರಬೀಳುವ ಆರಂಭದ ಅವಧಿ, ತೊಂದರೆ ಅಪರೂಪವಾದ ನಡುವಿನ ದೀರ್ಘ ಅವಧಿ, ಸವೆತದಿಂದ ತೊಂದರೆ ಹೆಚ್ಚುವ ಕೊನೆಯ ಅವಧಿ. ಮೂಲ ವಾರಂಟಿ ಮೊದಲನೆಯದನ್ನು ಹೊತ್ತುಕೊಂಡರೆ, ವಿಸ್ತರಿತ ವಾರಂಟಿಯ ಹೆಚ್ಚಿನ ಭಾಗ ನಡುವಿನ ಅವಧಿಯಲ್ಲೇ ಕಳೆದುಹೋಗುತ್ತದೆ; ಮಾರುವವರಿಗೆ ಸರಾಸರಿಯಲ್ಲಿ ಲಾಭ ಉಳಿಯುವುದು ಹೀಗೆ. ವರ್ಷಕ್ಕೆ 8 ಸಾವಿರ ಕಿ.ಮೀ. ಓಡಿಸಿ ನಾಲ್ಕನೆಯ ವರ್ಷಕ್ಕೆ ಕಾರು ಮಾರುವವರಿಗೆ ಇದು ಬಹುಶಃ ವ್ಯರ್ಥವೇ ಸರಿ. ವರ್ಷಕ್ಕೆ 40 ಸಾವಿರ ಕಿ.ಮೀ. ಓಡಿಸುವವರ ಮೂಲ ವಾರಂಟಿಯಾದರೋ ಎರಡೂವರೆ ವರ್ಷಕ್ಕೇ ತೀರಿ, ಬ್ಯಾಟರಿಯದೂ ನಾಲ್ಕು ವರ್ಷಕ್ಕೆ ಮುಗಿಯುವುದರಿಂದ, ಒಂದು ಇನ್ವರ್ಟರಿನ ಬೆಲೆಯನ್ನು ಸರ್ವಿಸ್ ಸೆಂಟರಿನಲ್ಲಿ ಕೇಳಿ ವಿಸ್ತರಣೆಯ ಶುಲ್ಕದೊಂದಿಗೆ ಹೋಲಿಸಿ ನೋಡುವುದು ಅವರಿಗೆ ಅಗತ್ಯ.

ಟೈರು, ಬ್ರೇಕ್ ಪ್ಯಾಡುಗಳಂಥ ಸವೆಯುವ ಭಾಗಗಳು, ಇಲಿ ಕಡಿದ ತಂತಿಗಳು, ನೆರೆನೀರು ನುಗ್ಗಿ ಕೆಟ್ಟ ಘಟಕಗಳು ಸಾಮಾನ್ಯವಾಗಿ ಯಾವ ವಾರಂಟಿಗೂ ಸೇರುವುದಿಲ್ಲ. ಕಾರಿನೊಳಗಿನ ಗಾಳಿಯಿಂದ ಬ್ಯಾಟರಿಯನ್ನು ತಣಿಸುವ ಮಾದರಿಗಳಲ್ಲಿ ಆ ಗಾಳಿಕಿಂಡಿಯನ್ನು ಸಾಮಾನು ಸರಂಜಾಮಿನಿಂದ ಮುಚ್ಚಿದರೆ, ಅಥವಾ ಅದರ ಜಾಲರಿ ಧೂಳಿನಿಂದ ಕಟ್ಟಿಕೊಂಡರೆ, ಬ್ಯಾಟರಿ ಬಿಸಿಯಾಗಿ ಬೇಗ ಬಳಲುತ್ತದೆ; ಆಗ ವಾರಂಟಿ ಕೊಟ್ಟವರು ಮೊದಲು ಕೇಳುವುದು ಸರ್ವಿಸ್ ದಾಖಲೆಗಳನ್ನೇ.